ಭೂಸ್ವಾಮಿಯ ಹೊಣೆಯೂ ಆಗಂತುಕನ ಅನವಧಾನವೂ

ಧರ್ಮಶಾಸ್ತ್ರಕಾರರು ವ್ಯವಹಾರವನ್ನು ಹದಿನೆಂಟು ಪದಗಳಾಗಿ ವಿಂಗಡಿಸಿರುವುದು ಪ್ರಸಿದ್ಧವಾಗಿದೆ. ಋಣಾದಾನ, ನಿಕ್ಷೇಪ, ಸೀಮಾವಿವಾದ, ವಾಕ್ಪಾರುಷ್ಯ, ದಂಡಪಾರುಷ್ಯ ಮೊದಲಾದ ಈ ಪದಗಳಲ್ಲಿ ಒಂದೊಂದಕ್ಕೂ ಅದರದರ ಲಕ್ಷಣವೂ ಎಲ್ಲೆಯೂ ಉಂಟು. ಆದರೆ ಕೇಡನ್ನು ಬಯಸದೆ, ಕೇವಲ ಎಚ್ಚರಗೇಡಿತನದಿಂದ, ಒಬ್ಬನು ಮತ್ತೊಬ್ಬನಿಗೆ ಉಂಟುಮಾಡಿದ ಹಾನಿಗೆ ಇವುಗಳಲ್ಲಿ ಸ್ವಂತ ಮನೆಯೆಂಬುದಿಲ್ಲ. ಮನುವು ಅದನ್ನು ತನ್ನ ಎಂಟನೆಯ ಅಧ್ಯಾಯದ ದಂಡಪಾರುಷ್ಯದೊಳಗೆ, ಬೇಕೆಂದು ಕೈಮಾಡಿದವರ ನೆರೆಯಲ್ಲಿಯೇ ಇರಿಸಿರುವನು. ಯಾಜ್ಞವಲ್ಕ್ಯನು ಬೇರೆಲ್ಲಿಯೂ ಸೇರದ ಸಂಗತಿಗಳಿಗೆ ಮೀಸಲಾದ ಪ್ರಕೀರ್ಣಕದಲ್ಲಿ ಸೇರಿಸಿರುವನು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಕಂಟಕಶೋಧನವೆಂಬ ಅಧಿಕರಣದ ಕಡೆಯ ಅಧ್ಯಾಯಕ್ಕೆ ಹೋಗಿ ಬಿದ್ದಿದೆ. ಹೀಗೆ ನೆಲೆಯಿಲ್ಲದೆ ಅಲೆಯುವುದು ಈ ದೇಶದ ಗ್ರಂಥಗಳಲ್ಲಿ ಮಾತ್ರವೇ ಅಲ್ಲ. ಇಂಗ್ಲೆಂಡಿನ ನ್ಯಾಯದಲ್ಲಿಯೂ ಅನವಧಾನವೆಂಬುದು ತಾನೇ ಒಂದು ಸ್ವತಂತ್ರವಾದ ಅಪಕಾರವೆಂಬ ಮಾತು ನಿಸ್ಸಂದೇಹವಾಗಿ ನೆಲೆಗೊಂಡದ್ದು 1932ರಲ್ಲಿ.

ಇದರೊಳಗೆ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ತನ್ನ ನೆಲಕ್ಕೆ ಅಥವಾ ಮನೆಗೆ ಬಂದವನಿಗೆ ಅಲ್ಲಿಯ ಯಾವುದೋ ಕುಂದಿನಿಂದ ಗಾಯವಾದರೆ ಒಡೆಯನು ಎಷ್ಟರ ಮಟ್ಟಿಗೆ ಹೊಣೆಯಾಗುವನು? ಗಾಯಗೊಂಡವನೂ ಮೈಮರೆತವನಾಗಿದ್ದರೆ ಆ ಹೊಣೆಯು ಅಳಿದುಹೋಗುವುದೋ, ಇಲ್ಲವೆ ಪಾಲಾಗುವುದೋ? ಇಂದಿನ ನ್ಯಾಯದಲ್ಲಿರುವುದೆಲ್ಲವೂ ಸ್ಮೃತಿಗಳಲ್ಲಿ ಮೊದಲೇ ಇದ್ದುವೆಂದು ಎದೆತಟ್ಟಿ ಹೇಳುವ ಅಭಿಮಾನಿಗಳುಂಟು. ಸ್ಮೃತಿಗಳಲ್ಲಿ ಅರಸನ ದಂಡವನ್ನುಳಿದು ಬೇರೇನೂ ಇಲ್ಲವೆಂದು ಒಂದೇ ಮಾತಿಗೆ ತಳ್ಳಿಹಾಕುವವರೂ ಉಂಟು. ಈ ಇಬ್ಬರಲ್ಲಿ ಯಾರ ಮಾತೂ ಗ್ರಂಥಗಳ ಮುಂದೆ ಪೂರ್ತಿಯಾಗಿ ನಿಲ್ಲುವುದಿಲ್ಲ.

ಸ್ಮೃತಿಗಳಲ್ಲಿ ಈ ವಿಷಯಕ್ಕೆ ನಡುಗಂಬದಂತಿರುವುದು ‘ಅಪೇಹಿ’ ಎಂಬ ಒಂದು ನುಡಿ. ‘ಅತ್ತ ಸರಿ’ ಎಂದು ಇದರ ಅರ್ಥ. ನಾಲ್ಕು ಕಾಲಿನ ಪ್ರಾಣಿಯಿಂದಾಗಲಿ, ಎಸೆದ ಕಟ್ಟಿಗೆ, ಹೆಂಟೆ, ಬಾಣ, ಕಲ್ಲುಗಳಿಂದಾಗಲಿ, ಬೀಸಿದ ತೋಳಿನಿಂದಾಗಲಿ, ನೊಗಕ್ಕೆ ಹೂಡಿದ ಪಶುವಿನಿಂದಾಗಲಿ ಇನ್ನೊಬ್ಬನಿಗೆ ಪೆಟ್ಟಾದರೆ, ‘ಅಪೇಹಿ’ ಎಂದು ಕೂಗುತ್ತಿದ್ದವನಿಗೆ ದೋಷವಿಲ್ಲವೆಂದು ಯಾಜ್ಞವಲ್ಕ್ಯನು ವಿಧಿಸಿರುವನು. ಮನುವು ಬಂಡಿಯಿಂದಾದ ಹಿಂಸೆಗೆ ದಂಡವಿಲ್ಲದ ಹತ್ತು ಸಂದರ್ಭಗಳನ್ನು ಎಣಿಸುವಾಗ ಮೂಗುದಾರ ಹರಿದುದು, ನೊಗ ಮುರಿದುದು, ಅಚ್ಚು ಮುರಿದುದು, ಗಾಲಿ ಮುರಿದುದು ಮುಂತಾದುವುಗಳ ಕೊನೆಯಲ್ಲಿ ಈ ಕೂಗನ್ನೇ ಇಟ್ಟಿರುವನು. ಮೂಗುದಾರವು ಹರಿದುದೇಕೆ, ಅದು ಹಳತಾಗಿದ್ದುದನ್ನು ಒಡೆಯನು ನೋಡಿರಲಿಲ್ಲವೆ, ಎಂಬ ಪ್ರಶ್ನೆಯನ್ನು ಮೂಲವು ಎತ್ತದೆ ಹೋದುದು ಇಂದಿನ ಓದುಗನಿಗೆ ಕೊರತೆಯಾಗಿಯೇ ಕಾಣುವುದು.

ಕೌಟಿಲ್ಯನ ಪಟ್ಟಿಯು ಇವೆರಡಕ್ಕಿಂತಲೂ ವಿಸ್ತಾರವಾದುದು. ಅದರ ಮೊದಲಲ್ಲಿಯೇ ಮರ ಕಡಿಯುವಿಕೆಯು ಬರುವುದು. ಪಳಗದ ಪಶುವನ್ನು ನಡೆಸುವುದು, ಕೋಲು ಕಲ್ಲುಗಳ ಎಸೆತ, ಬಂಡಿ ಮತ್ತು ಆನೆಗಳ ಸಂಘಟ್ಟನೆ ಇವೆಲ್ಲಕ್ಕೂ ಅವನು ಒಂದೇ ಪರಿಹಾರವನ್ನು ಹೇಳುವನು: ‘ಅಪೇಹಿ’ ಎಂದು ಕೂಗಿದವನು ದಂಡಾರ್ಹನಲ್ಲ. ಇಲ್ಲಿ ವೈಯಾಕರಣರು ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಯಾಜ್ಞವಲ್ಕ್ಯನ ಮಾತು ‘ಪ್ರಜಲ್ಪತಃ’ ಎಂದು. ಕೌಟಿಲ್ಯನದು ‘ಪ್ರಕ್ರೋಶನ್’ ಎಂದು. ಎರಡರಲ್ಲಿಯೂ ಪ್ರ ಎಂಬ ಉಪಸರ್ಗವು ಪ್ರಕರ್ಷವನ್ನು ಸೂಚಿಸುತ್ತದೆ. ಎರಡರಲ್ಲಿಯೂ ಪ್ರತ್ಯಯವು ವರ್ತಮಾನವಾದುದು. ಬಾಯೊಳಗೆ ಗೊಣಗಿದರೆ ಸಾಲದು, ಕೂಗಿ ಮುಗಿಸಿ ಸುಮ್ಮನಾದ ಮೇಲೆ ಮರವನ್ನು ಕೆಡಹಿದರೂ ಸಾಲದು. ಕೃತ್ಯವು ನಡೆಯುತ್ತಿರುವಷ್ಟು ಕಾಲವೂ ಎದುರಿನವನ ಕಿವಿಗೆ ಬೀಳುವಂತೆ ಕೂಗುತ್ತಿರಬೇಕು. ಇಷ್ಟನ್ನು ಶಬ್ದವೇ ಹೇಳುತ್ತಿರುವುದರಿಂದ ಬೇರೊಂದು ವಿಧಿಯು ಬೇಕಾಗಲಿಲ್ಲ.

ಮರ ಕಡಿಯುವವನ ಈ ದೃಷ್ಟಾಂತವು ಬಹುದೂರದ ರೋಮಿನಲ್ಲಿಯೂ ಕಾಣಸಿಗುವುದು ಆಶ್ಚರ್ಯಕರವಾಗಿದೆ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಪ್ರಕಟಿಸಿದ ಡೈಜೆಸ್ಟ್ ಎಂಬ ನ್ಯಾಯಸಂಗ್ರಹದಲ್ಲಿ ಪೌಲಸನೆಂಬ ಶಾಸ್ತ್ರಜ್ಞನ ವಾಕ್ಯವೊಂದಿದೆ. ಮರದ ಮೇಲೇರಿ ಕೊಂಬೆ ಕಡಿಯುವವನು ಕೊಂಬೆಯನ್ನು ಕೆಳಕ್ಕೆ ಬೀಳಿಸಿ ದಾರಿಹೋಕನಾದ ದಾಸನನ್ನು ಕೊಂದರೆ, ಸ್ಥಳವು ಸಾರ್ವಜನಿಕವಾಗಿದ್ದು, ಅವನು ತಪ್ಪಿಸಿಕೊಳ್ಳುವಂತೆ ಕೂಗಿ ಹೇಳದೆ ಇದ್ದಲ್ಲಿ ಹೊಣೆಯಾಗುವನು. ಖಾಸಗಿ ನೆಲವಾದರೆ ಹೇಗೆ? ಕ್ರಿಸ್ತಪೂರ್ವ 82ರಲ್ಲಿ ಮಡಿದ ಮ್ಯೂಕಿಯಸ್ ಸ್ಕೀವೊಲನ ಮತವನ್ನು ಪೌಲಸನು ಅಲ್ಲಿಯೇ ಎತ್ತಿ ಹೇಳುವನು: ಖಾಸಗಿ ನೆಲದಲ್ಲಿಯೂ ದೋಷವು ತಪ್ಪದು, ಏಕೆಂದರೆ ಜಾಗರೂಕನಾದವನು ಮುಂಗಾಣಬಹುದಾಗಿದ್ದುದನ್ನು ಕಾಣದಿರುವುದೂ, ಅಪಾಯವು ತಪ್ಪಿಸಲಾಗದಷ್ಟು ಹತ್ತಿರವಾದ ಮೇಲೆ ಕೂಗುವುದೂ ದೋಷವೇ ಸರಿ. ಜನರು ಖಾಸಗಿ ನೆಲಗಳ ಮೂಲಕವೂ ಹಾದುಹೋಗುವುದು ವಾಡಿಕೆಯಾದುದರಿಂದ ಸಾರ್ವಜನಿಕ, ಖಾಸಗಿ ಎಂಬ ಭೇದಕ್ಕೆ ಹೆಚ್ಚಿನ ಬೆಲೆಯಿಲ್ಲ. ಆದರೆ ಅಲ್ಲಿ ಕಾಲುದಾರಿಯೇ ಇಲ್ಲದಿದ್ದರೆ, ಬೇಕೆಂದು ಮಾಡಿದ ಕೇಡಿಗೆ ಮಾತ್ರ ಅವನು ಹೊಣೆ. ಯಾರು ಬರುವರೆಂದು ಊಹಿಸಲು ಸಾಧ್ಯವಿತ್ತೆಂಬುದೇ ಇಲ್ಲಿಯ ಅಳತೆಗೋಲು. ಬಂದವನು ಯಾವ ಹಕ್ಕಿನಿಂದ ಬಂದನೆಂದು ಪೌಲಸನು ಕೇಳಲಿಲ್ಲ. ರೋಮಿಗೂ ಭಾರತಕ್ಕೂ ಈ ದೃಷ್ಟಾಂತದಲ್ಲಿ ಕೊಡುಕೊಳೆಯಿತ್ತೆಂದು ಇದರಿಂದ ಊಹಿಸುವುದು ಸಾಹಸವಾದೀತು; ಮರಗಳೂ ಕೊಡಲಿಗಳೂ ದಾರಿಹೋಕರೂ ಎಲ್ಲ ದೇಶಗಳಲ್ಲಿಯೂ ಇದ್ದರು.

ಯಾಜ್ಞವಲ್ಕ್ಯನ ಈ ವಚನಕ್ಕೆ ಅತ್ಯಂತ ಬೆಲೆಯುಳ್ಳ ವ್ಯಾಖ್ಯಾನವು ಹುಟ್ಟಿದುದು ಕರ್ಣಾಟಕದಲ್ಲಿ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಇಂದು ಬಸವಕಲ್ಯಾಣವೆನಿಸಿರುವ ಕಲ್ಯಾಣಪುರದಲ್ಲಿ, ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದನು. ಕೂಗಿದವನಿಗೆ ದೋಷವಿಲ್ಲವೆಂಬ ಮಾತು ದಂಡವಿಲ್ಲವೆಂಬುದನ್ನು ತಿಳಿಸುವುದಕ್ಕಷ್ಟೇ ಹೊರಟುದೆಂದೂ, ಬುದ್ಧಿಪೂರ್ವಕವಲ್ಲದ ಹಿಂಸೆಗೆ ವಿಹಿತವಾದ ಪ್ರಾಯಶ್ಚಿತ್ತವು ಇದ್ದೇ ಇರುವುದೆಂದೂ ಅವನು ನಿರ್ಣಯಿಸಿರುವನು. ಮೂಲದಲ್ಲಿ ಒಂದೇ ಆಗಿದ್ದ ದೋಷಶಬ್ದವು ವ್ಯಾಖ್ಯಾನಕಾರನ ಕೈಯಲ್ಲಿ ಎರಡಾಗಿ ಸೀಳಿತು: ಅರಸನಿಗೆ ತೆರುವ ದೋಷವೊಂದು, ಮನಸ್ಸಾಕ್ಷಿಗೆ ತೆರುವ ದೋಷವೊಂದು. ಎಚ್ಚರಿಕೆಯ ಕೂಗು ಮೊದಲನೆಯದನ್ನು ಮಾತ್ರ ತೊಳೆಯಬಲ್ಲದು. ಕೂಗಿದರೂ ಒಬ್ಬನು ಸತ್ತನಲ್ಲವೆ ಎಂಬ ನೋವನ್ನು ಶಾಸ್ತ್ರದೊಳಗೆ ಇರಿಸಿಕೊಳ್ಳುವುದಕ್ಕೆ ಬೇರೆ ಯಾವ ದಾರಿಯೂ ವಿಜ್ಞಾನೇಶ್ವರನಿಗೆ ಇದ್ದಂತೆ ತೋರುವುದಿಲ್ಲ. ಆದರೆ ಈ ಎರಡರಲ್ಲಿ ಯಾವುದೂ ಗಾಯಗೊಂಡವನ ಕೈಸೇರುವುದಿಲ್ಲವೆಂಬುದನ್ನೂ ಮರೆಯಬಾರದು. ಬೇಕೆಂದು ಹೊಡೆದು ಗಾಯಮಾಡಿದವನು ಗಾಯವು ಮಾಯುವವರೆಗಿನ ವೆಚ್ಚವನ್ನು ಕೊಡಬೇಕೆಂಬ ವಿಧಿಯು, ಅಂದರೆ ಸಮುತ್ಥಾನವ್ಯಯವು, ಮನುಯಾಜ್ಞವಲ್ಕ್ಯರಿಬ್ಬರಲ್ಲಿಯೂ ಉಂಟು. ಬಂಡಿಯ ಪ್ರಕರಣದಲ್ಲಿ ಮಾತ್ರ ಮಾತೆಲ್ಲವೂ ದಂಡದ ಸುತ್ತಲೇ ನಡೆಯುವುದು.

ಇನ್ನು ಹಂಚಿಕೊಂಡ ದೋಷದ ವಿಚಾರ. ಇದಕ್ಕೆ ಸ್ಮೃತಿಗಳಲ್ಲಿ ಮೂರು ಕಡೆ ಆಧಾರವನ್ನು ಹುಡುಕಬಹುದು. ಮೊದಲನೆಯದು ಮನುವಿನ ಸಾರಥಿಪ್ರಕರಣ. ಸಾರಥಿಯ ಅಕೌಶಲದಿಂದ ಬಂಡಿಯು ದಾರಿತಪ್ಪಿ ಹಿಂಸೆಯಾದರೆ ಒಡೆಯನಿಗೆ ಇನ್ನೂರು ಪಣ ದಂಡ. ಸಾರಥಿಯು ಕುಶಲನಾಗಿದ್ದರೆ ದಂಡವು ಅವನಿಗೇ. ಅಕುಶಲನೆಂದಾದರೆ ಬಂಡಿಯಲ್ಲಿ ಕುಳಿತಿದ್ದವರೆಲ್ಲರಿಗೂ ತಲೆಗೆ ನೂರರಂತೆ ದಂಡ. ಈ ಕಡೆಯ ಮಾತು ವಿಚಾರಯೋಗ್ಯವಾದುದು. ಕೈಲಾಗದವನ ಕೈಗೆ ಹಗ್ಗವನ್ನು ಕೊಟ್ಟುದು ಒಡೆಯನ ತಪ್ಪು. ಅದನ್ನು ಕಂಡೂ ಏರಿ ಕುಳಿತುದು ಕುಳಿತವರ ತಪ್ಪು. ಒಂದು ಹಾನಿಗೆ ಅನೇಕರು ಹೊಣೆಯಾಗಬಲ್ಲರೆಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ. ಆದರೆ ಪಾಲಾದುದು ಹಾನಿಮಾಡಿದವರ ಪಕ್ಷದೊಳಗೆ. ಹಾನಿಗೊಂಡವನ ದೋಷವನ್ನು ಇಲ್ಲಿ ಯಾರೂ ತೂಗಲಿಲ್ಲ.

ಎರಡನೆಯದು ಹೊಲದ ಬೇಲಿ. ಇಲ್ಲಿ ದೋಷವು ನೆಲದೊಡೆಯನ ಕಡೆಗೇ ತಿರುಗುವುದು. ಊರ ಗೋಮಾಳದ ಅಂಚಿನಲ್ಲಿರುವ ಹೊಲಕ್ಕೆ ಬೇಲಿಯಿಲ್ಲದಿದ್ದು, ದನಗಳು ನುಗ್ಗಿ ಪೈರನ್ನು ಮೇದರೆ, ಗೋಪಾಲಕನನ್ನು ದಂಡಿಸಕೂಡದೆಂದು ಮನುವಿನ ವಿಧಿ. ಬೇಲಿಯೆಂದರೆ ಎಂತಹುದು? ಒಂಟೆಯು ಕತ್ತೆತ್ತಿ ಒಳಗನ್ನು ನೋಡಲಾಗದಷ್ಟು ಎತ್ತರವಾಗಿಯೂ, ನಾಯಿಹಂದಿಗಳ ಮೋರೆ ತೂರುವಂತಹ ಕಂಡಿಗಳೆಲ್ಲ ಮುಚ್ಚಿದುದಾಗಿಯೂ ಇರಬೇಕು. ಯಾಜ್ಞವಲ್ಕ್ಯನು ದಾರಿಯ ಬದಿಯ ಹೊಲಕ್ಕೂ ಊರ ಮಗ್ಗುಲಿನ ಹೊಲಕ್ಕೂ ಇದನ್ನೇ ಅನ್ವಯಿಸಿ, ದನ ಕಾಯುವವನು ಬೇಕೆಂದು ಬಿಟ್ಟಿದ್ದರೆ ಮಾತ್ರ ಕಳ್ಳನಂತೆ ದಂಡ್ಯನೆನ್ನುವನು. ಕಾಪಾಡಿಕೊಳ್ಳಬೇಕಾದವನು ಕಾಪಾಡಿಕೊಳ್ಳದೆ ಹೋದರೆ ಅವನ ದೂರಿಗೆ ಬಲವಿಲ್ಲವೆಂಬುದು ಇದರ ಸಾರ. ಆಗಲೂ ತೀರ್ಪು ಇಡಿಯಾದುದೇ: ಬೇಲಿಯಿದ್ದರೆ ದನಗಾಹಿಯು ತೆರುವನು, ಇಲ್ಲದಿದ್ದರೆ ಹೊಲದವನು ಕಳೆದುಕೊಳ್ಳುವನು. ಬೇಲಿಯು ಅರ್ಧ ಬಿದ್ದಿತ್ತು, ದನಗಾಹಿಯು ಅರೆನಿದ್ದೆಯಲ್ಲಿದ್ದನು ಎಂಬ ನಿತ್ಯದ ಸಂಗತಿಗೆ ಉತ್ತರವಿಲ್ಲ.

ಮೂರನೆಯದು ಕೌಟಿಲ್ಯನ ಆನೆ. ಆನೆಯನ್ನು ತಾನೇ ಕೆರಳಿಸಿ ಅದರಿಂದ ಹತನಾದವನ ಕಡೆಯಿಂದಲೇ ಒಂದು ದ್ರೋಣ ಅನ್ನವೂ, ಮದ್ಯದ ಕುಂಭವೂ, ಮಾಲೆ ಗಂಧಗಳೂ, ಆನೆಯ ದಂತವನ್ನೊರೆಸುವ ಬಟ್ಟೆಯೂ ಸಲ್ಲಬೇಕು! ಆನೆಯಿಂದಾದ ಮರಣವು ಅಶ್ವಮೇಧದ ಅವಭೃಥಸ್ನಾನಕ್ಕೆ ಸಮಾನವೆಂದೂ, ಇದು ಆನೆಯ ಪಾದಪ್ರಕ್ಷಾಲನವೆಂದೂ ಅದಕ್ಕೆ ಸಮಾಧಾನ. ಕೌಟಿಲ್ಯನು ನಗದೆಯೇ ಇದನ್ನು ಬರೆದಿದ್ದರೂ ಓದುವವನು ನಗದಿರುವುದು ಕಷ್ಟ. ಆದರೆ ಮುಂದಿನ ವಾಕ್ಯವು ಕಠಿನವಾದುದು: ಏನೂ ಮಾಡದೆ ಸುಮ್ಮನಿದ್ದವನನ್ನು ಆನೆಯು ಕೊಂದರೆ ಮಾವುತನಿಗೆ ಉತ್ತಮದಂಡ. ಹಾನಿಗೊಂಡವನ ನಡತೆಯನ್ನು ನೋಡಿ ಹೊಣೆಯನ್ನು ನಿರ್ಧರಿಸುವ ಕ್ರಮವು ಇಲ್ಲಿರುವಷ್ಟು ಬಿಚ್ಚಿ ಹೇಳಿದುದು ಸ್ಮೃತಿಗಳಲ್ಲಿಯೂ ಇಲ್ಲ. ಕೆರಳಿಸಿದವನಿಗೆ ಎಲ್ಲ ದೋಷ, ಸುಮ್ಮನಿದ್ದವನಿಗೆ ಯಾವ ದೋಷವೂ ಇಲ್ಲ. ನಡುವಿನ ಮೆಟ್ಟಿಲು ಇಲ್ಲಿಯೂ ಇಲ್ಲ. ಇದರ ಜೊತೆಯಲ್ಲಿಯೇ, ಕೋಡು ಅಥವಾ ಕೋರೆಗಳುಳ್ಳ ತನ್ನ ಪ್ರಾಣಿಯು ಒಬ್ಬನನ್ನು ಹಿಂಸಿಸುತ್ತಿರುವಾಗ ಬಿಡಿಸದೆ ಇರುವ ಒಡೆಯನಿಗೆ ಪ್ರಥಮಸಾಹಸ ದಂಡವೆಂದೂ, ಅವನು ಬಿಡಿಸೆಂದು ಮೊರೆಯಿಟ್ಟರೂ ಬಿಡಿಸದಿದ್ದರೆ ಅದರ ಇಮ್ಮಡಿಯೆಂದೂ ಹೇಳಿದೆ. ಯಾಜ್ಞವಲ್ಕ್ಯನಲ್ಲಿಯೂ ಇದೇ ವಿಧಿಯಿದ್ದು, ಅವನ ಎಣಿಕೆಯಲ್ಲಿ ಪ್ರಥಮಸಾಹಸವು 270 ಪಣ; ಇಮ್ಮಡಿಯಾದರೆ 540. ಒಡೆಯನು ಕೂಗಿದರೆ ದೋಷವು ಇಳಿಯುವುದು, ಹಿಂಸೆಗೊಳಗಾದವನು ಕೂಗಿದರೆ ದೋಷವು ಏರುವುದು.

ರೋಮಿನ ಶಾಸ್ತ್ರಜ್ಞರೂ ಇದಕ್ಕಿಂತ ಮುಂದೆ ಹೋದವರಲ್ಲ. ಬಯಲಿನಲ್ಲಿ ಚೆಂಡಾಡುವವರ ಚೆಂಡು ಕ್ಷೌರಿಕನ ಕೈಗೆ ತಗಲಿ, ಅವನ ಕತ್ತಿಯು ಮುಂದೆ ಕುಳಿತಿದ್ದ ದಾಸನ ಕೊರಳನ್ನು ಕೊಯ್ದರೆ ತಪ್ಪು ಯಾರದು? ಆಟವಾಡುವೆಡೆಯಲ್ಲಿ ಅಂಗಡಿಯಿಟ್ಟ ಕ್ಷೌರಿಕನದೆಂದು ಒಂದು ಮತ. ಅಂತಹ ಕಡೆ ಹೋಗಿ ಕೊರಳನ್ನೊಡ್ಡಿದವನು ತನ್ನನ್ನೇ ತಾನು ದೂರಿಕೊಳ್ಳಬೇಕೆಂಬ ಮಾತೂ ಕೆಟ್ಟದಲ್ಲವೆಂದು ಅಲ್ಪಿಯನ್ನನ ಟೀಕೆ. ಮೂವರಿಗೆ ಮೂರು ಪಾಲೆಂದು ಯಾರೂ ಹೇಳಲಿಲ್ಲ.

ಸ್ಮೃತಿಗಳ ಈ ವಿಧಿಗಳು ನಡುಗಾಲದ ನಂತರ ಬೆಳೆಯುವ ಅವಕಾಶವನ್ನೇ ಪಡೆಯಲಿಲ್ಲ. 1772ರಲ್ಲಿ ವಾರನ್ ಹೇಸ್ಟಿಂಗ್ಸನು ಬಂಗಾಳದಲ್ಲಿ ಏರ್ಪಡಿಸಿದ ನ್ಯಾಯವ್ಯವಸ್ಥೆಯಲ್ಲಿ ಹಿಂದೂಗಳಿಗೆ ಶಾಸ್ತ್ರವು ಅನ್ವಯಿಸುತ್ತಿದ್ದುದು ದಾಯ, ವಿವಾಹ, ಜಾತಿ ಮೊದಲಾದ ಕೆಲವು ವಿಷಯಗಳಿಗೆ ಮಾತ್ರ. ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದ ಮಿತಾಕ್ಷರೆಯು ದಾಯವಿಭಾಗವಷ್ಟೆ; ಪ್ರಕೀರ್ಣಕವು ಪಂಡಿತರ ಓಲೆಗಳಲ್ಲಿಯೇ ಉಳಿಯಿತು. 1860ರ ದಂಡಸಂಹಿತೆಯು ದಂಡದ ಭಾಗವನ್ನು ಹೊಸದಾಗಿ ಕಟ್ಟಿತು. ಉಳಿದ ನಷ್ಟಪರಿಹಾರದ ವ್ಯಾಜ್ಯಗಳಲ್ಲಿ ನ್ಯಾಯ, ಸಮತೆ, ಸದಸದ್ವಿವೇಕಗಳೇ ಪ್ರಮಾಣವೆಂದು ಹೇಳಿ, ಅವುಗಳ ಅರ್ಥವು ಈ ದೇಶದ ಸ್ಥಿತಿಗೆ ಒಗ್ಗುವ ಮಟ್ಟಿಗೆ ಇಂಗ್ಲೆಂಡಿನ ನ್ಯಾಯವೇ ಎಂದು 1887ರಲ್ಲಿ ಪ್ರಿವಿ ಕೌನ್ಸಿಲು ನಿರ್ಣಯಿಸಿತು. ಅರ್ಥಶಾಸ್ತ್ರವಂತೂ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾಗುವವರೆಗೆ ವಿದ್ವಾಂಸರಿಗೂ ಹೆಸರು ಮಾತ್ರವಾಗಿದ್ದಿತು. ಆದುದರಿಂದ ಈ ಎರಡು ಪ್ರಶ್ನೆಗಳ ಮುಂದಿನ ಚರಿತ್ರೆಯನ್ನು ಇಂಗ್ಲೆಂಡಿನಲ್ಲಿ ಅರಸಬೇಕಾಗುವುದು.

ಅಲ್ಲಿಯ ಚರಿತ್ರೆಯು ಒಂದು ಕಂಬದಿಂದ ಮೊದಲಾಗುವುದು. ಡರ್ಬಿ ಪಟ್ಟಣದಲ್ಲಿ ಒಬ್ಬನು ರಸ್ತೆಯ ಬದಿಯ ತನ್ನ ಮನೆಯ ರಿಪೇರಿಗಾಗಿ ರಸ್ತೆಯ ಒಂದು ಭಾಗಕ್ಕೆ ಅಡ್ಡಲಾಗಿ ಮರದ ಗಳುವನ್ನು ಹಾಕಿದ್ದನು. ಆಗಸ್ಟ್ ತಿಂಗಳ ಸಂಜೆ, ಮನೆಗಳಲ್ಲಿ ದೀಪ ಹಚ್ಚುವ ಹೊತ್ತು. ಹತ್ತಿರದ ಪಾನಗೃಹದಿಂದ ಹೊರಟ ಸವಾರನೊಬ್ಬನು ಕುದುರೆಯನ್ನು ನಾಗಾಲೋಟದಲ್ಲಿ ಬಿಟ್ಟುಕೊಂಡು ಬಂದು, ಗಳುವಿಗೆ ತಗಲಿ ಕೆಡೆದು ಗಾಯಗೊಂಡನು. ನೂರು ಗಜ ದೂರದಿಂದ ಗಳುವು ಕಾಣುವಷ್ಟು ಬೆಳಕಿದ್ದಿತೆಂದು ಸಾಕ್ಷಿಯು ನುಡಿಯಿತು. ಬಟರ್‌ಫೀಲ್ಡ್ ಮತ್ತು ಫಾರೆಸ್ಟರ್ ಎಂದು ಖ್ಯಾತವಾದ 1809ರ ಈ ವ್ಯಾಜ್ಯದಲ್ಲಿ ಲಾರ್ಡ್ ಎಲೆನ್‌ಬರೋ ಸವಾರನಿಗೆ ಏನೂ ಸಲ್ಲದೆಂದು ತೀರ್ಮಾನಿಸಿದನು. ದಾರಿಗೆ ಅಡ್ಡಗಟ್ಟಿದವನ ತಪ್ಪು ತಪ್ಪೇ ಆದರೂ, ತನ್ನ ಎಚ್ಚರವನ್ನು ತಾನು ವಹಿಸದವನು ಅದನ್ನೇ ನೆಪಮಾಡಿಕೊಳ್ಳಬಾರದೆಂಬುದು ಕಾರಣ. ಈ ತೀರ್ಪು ನೂರಮೂವತ್ತು ವರ್ಷಗಳಿಗೂ ಮೀರಿ ಆ ದೇಶದ ನ್ಯಾಯವನ್ನು ಆಳಿತು. ಗಾಯಗೊಂಡವನಲ್ಲಿ ಎಳ್ಳಷ್ಟು ಅನವಧಾನವು ಕಂಡರೂ ಬೆಟ್ಟದಷ್ಟು ತಪ್ಪಿದ್ದವನು ಪಾರಾಗುತ್ತಿದ್ದನು. ಕೌಟಿಲ್ಯನ ಆನೆಯ ನ್ಯಾಯವೇ ಇಲ್ಲಿಯೂ ನಡೆಯಿತೆನ್ನಬಹುದು. ಸವಾರನು ಗಳುವಿನ ಯಜಮಾನನಿಗೆ ಗಂಧಮಾಲ್ಯಗಳನ್ನು ಕೊಡಬೇಕಾಗಿ ಬರಲಿಲ್ಲವೆಂಬುದೊಂದೇ ವ್ಯತ್ಯಾಸ.

ಈ ಕಾಠಿನ್ಯವನ್ನು ತಗ್ಗಿಸಲು ನ್ಯಾಯಾಧಿಪತಿಗಳು ಕಂಡುಕೊಂಡ ಉಪಾಯವು 1842ರ ಡೇವೀಸ್ ಮತ್ತು ಮ್ಯಾನ್ ವ್ಯಾಜ್ಯದಲ್ಲಿ ಕಾಣಬರುವುದು. ಮುಂಗಾಲುಗಳಿಗೆ ಕಟ್ಟುಹಾಕಿದ ಕತ್ತೆಯೊಂದನ್ನು ಅದರ ಒಡೆಯನು ಹೆದ್ದಾರಿಯಲ್ಲಿ ಮೇಯಲು ಬಿಟ್ಟಿದ್ದನು. ಮೂರು ಕುದುರೆಗಳ ಬಂಡಿಯು ಬಿರುಸಿನಿಂದ ಬಂದು ಅದನ್ನು ತುಳಿದು ಕೊಂದಿತು. ಕತ್ತೆಯನ್ನು ಹಾಗೆ ಬಿಟ್ಟುದು ತಪ್ಪೇ ಆದರೂ, ಬಂಡಿಯವನು ಎಚ್ಚರವಹಿಸಿದ್ದರೆ ಕಡೆಯ ಗಳಿಗೆಯಲ್ಲಿ ತಪ್ಪಿಸಬಹುದಾಗಿತ್ತೆಂದು ಹೇಳಿ ಕತ್ತೆಯವನಿಗೆ ಪರಿಹಾರವನ್ನು ಕೊಡಿಸಿದರು. ತಪ್ಪಿಸುವ ಕಡೆಯ ಅವಕಾಶವು ಯಾರಿಗಿತ್ತೋ ಅವನೇ ಎಲ್ಲವನ್ನೂ ಹೊರತಕ್ಕದ್ದು. ಹೊರೆಯು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಜಾರಿತೇ ಹೊರತು ಇಬ್ಬರ ಹೆಗಲಿಗೂ ಏರಲಿಲ್ಲ.

ಭೂಸ್ವಾಮಿಯ ಹೊಣೆಯ ವಿಷಯದಲ್ಲಿ ಇಂಗ್ಲೆಂಡಿನ ನ್ಯಾಯವು ಹಿಡಿದ ದಾರಿಯು ಮತ್ತೂ ವಿಚಿತ್ರವಾದುದು. ಗಾಯವು ಹೇಗಾಯಿತೆಂದು ಕೇಳುವುದಕ್ಕಿಂತ ಮೊದಲು, ಬಂದವನು ಯಾತಕ್ಕೆ ಬಂದನೆಂದು ಅದು ಕೇಳಿತು. 1856ರಲ್ಲಿ, ಒಡೆಯನು ತಾನೇ ಕರೆದ ಅತಿಥಿಯೊಬ್ಬನು ಗಾಜಿನ ಬಾಗಿಲನ್ನು ತೆರೆಯುವಾಗ ಸಡಿಲವಾಗಿದ್ದ ಗಾಜು ಬಿದ್ದು ಗಾಯಗೊಂಡನು. ಅತಿಥಿಯು ಇರುವಷ್ಟು ಹೊತ್ತೂ ಮನೆಯವರಲ್ಲಿ ಒಬ್ಬನಾದುದರಿಂದ, ಮನೆಯ ಕುಂದುಗಳನ್ನು ಮನೆಯವರಂತೆಯೇ ಅವನೂ ಸಹಿಸಿಕೊಳ್ಳತಕ್ಕವನೆಂದು ಹೇಳಿ ಅವನನ್ನು ಬರಿಗೈಯಲ್ಲಿ ಕಳುಹಿಸಿದರು. ಅತಿಥಿಯನ್ನು ದೇವರೆಂದು ಭಾವಿಸುವ ನಾಡಿನವರಿಗೆ ಈ ಬಗೆಯ ಮನೆಯವನಾಗುವಿಕೆಯು ರುಚಿಸದು. ಹತ್ತು ವರ್ಷಗಳ ಬಳಿಕ, 1866ರ ಇಂಡರ್‌ಮಾರ್ ಮತ್ತು ಡೇಮ್ಸ್ ವ್ಯಾಜ್ಯದಲ್ಲಿ, ಸಕ್ಕರೆ ಶುದ್ಧಿಮಾಡುವ ಕಾರ್ಖಾನೆಗೆ ಅನಿಲದ ಯಂತ್ರವನ್ನು ಪರೀಕ್ಷಿಸಲು ಬಂದ ಕೆಲಸಗಾರನೊಬ್ಬನು, ಸರಕನ್ನು ಏರಿಸಿ ಇಳಿಸಲು ಮಹಡಿಯಲ್ಲಿ ಬಿಟ್ಟಿದ್ದ, ಸುತ್ತಲೂ ತಡೆಯಿಲ್ಲದ ಕಂಡಿಯಲ್ಲಿ ಬಿದ್ದನು. ಒಡೆಯನ ವ್ಯವಹಾರಕ್ಕಾಗಿ ಬಂದವನು ತಾನೂ ತಕ್ಕ ಎಚ್ಚರದಿಂದಿದ್ದರೆ, ಒಡೆಯನಿಗೆ ತಿಳಿದಿರುವ ಅಥವಾ ತಿಳಿದಿರಬೇಕಾದ ಅಸಾಧಾರಣವಾದ ಅಪಾಯದಿಂದ ರಕ್ಷಣೆಯನ್ನು ಅವನಿಂದ ನಿರೀಕ್ಷಿಸಬಹುದೆಂದು ನ್ಯಾಯಾಧಿಪತಿಯಾದ ವಿಲ್ಸ್ ವಿಧಿಸಿದನು. ಆ ನಿರ್ಣಯದೊಳಗೆ ಪ್ರಸ್ತುತದ ಎರಡು ಪ್ರಶ್ನೆಗಳೂ ಒಂದೇ ಸೂತ್ರದಲ್ಲಿ ಪೋಣಿಸಿಕೊಂಡಿರುವುದನ್ನು ಕಾಣಬಹುದು. ಆದರೆ ಅದರಿಂದ ಮೂರು ವರ್ಗಗಳು ಗಟ್ಟಿಯಾದುವು. ವ್ಯವಹಾರಕ್ಕೆ ಬಂದವನಿಗೆ ಹೆಚ್ಚಿನ ರಕ್ಷಣೆ, ಕೇವಲ ಅಪ್ಪಣೆ ಪಡೆದು ಬಂದವನಿಗೆ ಅಲ್ಪರಕ್ಷಣೆ, ಅಪ್ಪಣೆಯಿಲ್ಲದೆ ಬಂದವನಿಗೆ ಬಹುಮಟ್ಟಿಗೆ ಏನೂ ಇಲ್ಲ. ಅಂಗಡಿಗೆ ಬಂದ ಗಿರಾಕಿಯು ಊಟಕ್ಕೆ ಕರೆದ ಗೆಳೆಯನಿಗಿಂತ ಮೇಲಾದನು.

ಎಚ್ಚರಿಕೆಯ ನುಡಿಯ ಬೆಲೆಯೇನೆಂಬುದು ಈ ಅವಧಿಯಲ್ಲಿ ಭಯಂಕರವಾದ ರೂಪದಲ್ಲಿ ಮುಂದೆ ಬಂದಿತು. ಬೇಟೆಯ ಕಾಡುಗಳಲ್ಲಿಯೂ ತೋಟಗಳಲ್ಲಿಯೂ ಒಡೆಯರು, ತಂತಿಗೆ ಕಾಲು ತಗಲಿದೊಡನೆ ತಾನಾಗಿಯೇ ಹಾರುವ ಬಂದೂಕುಗಳನ್ನು ಇಡುತ್ತಿದ್ದರು. 1820ರಲ್ಲಿ, ಬಂದೂಕುಗಳಿವೆಯೆಂಬ ಫಲಕವನ್ನು ತಿಳಿದೂ ಕಾಯಿಗಳನ್ನು ಆಯಲು ಕಾಡನ್ನು ಹೊಕ್ಕು ಗಾಯಗೊಂಡವನಿಗೆ ಪರಿಹಾರವು ದೊರೆಯಲಿಲ್ಲ. ಎಚ್ಚರಿಕೆಯನ್ನು ಕೊಟ್ಟಿದೆಯಲ್ಲ, ಬಂದವನು ತಾನೇ ಬಂದನಲ್ಲ, ಎಂಬುದು ಸಮಾಧಾನ. ಲೋಕಕ್ಕೆ ಅದು ಸಮಾಧಾನವಾಗಿ ತೋರಲಿಲ್ಲ. 1827ರಲ್ಲಿ ಪಾರ್ಲಿಮೆಂಟು, ರಾತ್ರಿಯಲ್ಲಿ ವಾಸದ ಮನೆಯ ರಕ್ಷಣೆಗೆ ಇಟ್ಟುವನ್ನುಳಿದು, ಇಂತಹ ಬಂದೂಕುಗಳನ್ನು ನಿಷೇಧಿಸಿತು. ಮರುವರ್ಷವೇ ತೀರ್ಮಾನವಾದ ಇನ್ನೊಂದು ವ್ಯಾಜ್ಯವು ಅದಕ್ಕೆ ಹಿಂದೆ ನಡೆದ ಘಟನೆಯದು. ಟ್ಯೂಲಿಪ್ ಹೂವಿನ ತೋಟದೊಡೆಯನೊಬ್ಬನು ಫಲಕವನ್ನೇ ಹಾಕದೆ ಬಂದೂಕನ್ನಿಟ್ಟಿದ್ದನು. ನೆರೆಯವನ ಹೆಣ್ಣುನವಿಲೊಂದು ತಪ್ಪಿಸಿಕೊಂಡು ಆ ತೋಟಕ್ಕೆ ಹಾರಲು, ಅದನ್ನು ಹಿಡಿದುಕೊಡಲೆಂದು ಗೋಡೆಯೇರಿದ ಹುಡುಗನ ಮೊಣಕಾಲಿಗೆ ಗುಂಡು ತಗಲಿತು. ಅತಿಕ್ರಮಿಸಿ ಬಂದವನಾದರೂ ಅವನು ಗೆದ್ದನು. ಇಲ್ಲಿ ನೆನೆಯತಕ್ಕುದೊಂದಿದೆ. ‘ಅಪೇಹಿ’ ಎಂಬ ಕೂಗು ಮರ ಕಡಿಯುವಂತಹ, ಬಂಡಿ ಹೊಡೆಯುವಂತಹ ಬೇಕಾದ ಕೆಲಸಕ್ಕೆ ಸೇರಿದುದು. ಹಾನಿಯನ್ನೇ ಉದ್ದೇಶಿಸಿ ಒಡ್ಡಿದ ಬಲೆಗೆ ಅಂಟಿಸಿದ ಫಲಕವು ಅದರ ಜಾತಿಗೆ ಸೇರಿದುದಲ್ಲ.

ಆದರೂ ವರ್ಗಭೇದದ ಕ್ರೂರತೆಯು ಮುಗಿಯಲಿಲ್ಲ. 1929ರಲ್ಲಿ ಸ್ಕಾಟ್ಲೆಂಡಿನ ಕಲ್ಲಿದ್ದಲ ಗಣಿಯೊಂದಕ್ಕೆ ಸೇರಿದ ಬಯಲಿನಲ್ಲಿ ನಾಲ್ಕು ವರ್ಷದ ಮಗ್ಗುಲಮನೆಯ ಮಗುವೊಂದು ಯಂತ್ರದ ಗಾಲಿಗೆ ಸಿಕ್ಕಿ ಮಡಿದ ವ್ಯಾಜ್ಯವು ಹೌಸ್ ಆಫ್ ಲಾರ್ಡ್ಸ್ ಸಭೆಯ ಮುಂದೆ ಬಂದಿತು. ಬೇಲಿಯು ಅಲ್ಲಲ್ಲಿ ಹರಿದಿದ್ದಿತು. ಜನರು ಅಡ್ಡದಾರಿಯೆಂದು ಅದನ್ನು ತುಳಿಯುತ್ತಿದ್ದರು, ಮಕ್ಕಳು ಆಡುತ್ತಿದ್ದರು. ಆದರೂ ಮಗುವು ಅತಿಕ್ರಮಣದಿಂದ ಬಂದುದಾದುದರಿಂದ ಗಣಿಯವರಿಗೆ ಹೊಣೆಯಿಲ್ಲವೆಂದು ಸಭೆಯು ತೀರ್ಮಾನಿಸಿತು. ಜನರು ಖಾಸಗಿ ನೆಲದಲ್ಲಿಯೂ ಹಾದುಹೋಗುವುದು ವಾಡಿಕೆಯೆಂದು ಮ್ಯೂಕಿಯಸನು ಎರಡು ಸಾವಿರ ವರ್ಷಗಳ ಹಿಂದೆಯೇ ಕಂಡುಕೊಂಡಿದ್ದ ಸಾಮಾನ್ಯಸಂಗತಿಗೆ ಇಲ್ಲಿ ಬೆಲೆಯಿಲ್ಲವಾಯಿತು. ನಾಲ್ಕು ವರ್ಷದ ಮಗುವಿಗೆ ಹಕ್ಕಿನ ಗಡಿಯೂ ತಿಳಿಯದು, ಫಲಕದ ಅಕ್ಷರವೂ ತಿಳಿಯದು.

ದೋಷವನ್ನು ಪಾಲುಮಾಡುವ ಬುದ್ಧಿಯು ನೆಲದ ಮೇಲಿನ ನ್ಯಾಯಕ್ಕೆ ಸಮುದ್ರದಿಂದ ಬಂದಿತೆಂದರೆ ತಪ್ಪಾಗಲಾರದು. ಎರಡು ಹಡಗುಗಳು ಡಿಕ್ಕಿಹೊಡೆದು ಎರಡರಲ್ಲಿಯೂ ತಪ್ಪಿದ್ದರೆ ನಷ್ಟವನ್ನು ಸಮಭಾಗವಾಗಿ ಹಂಚುವ ಪದ್ಧತಿಯು ನೌಕಾನ್ಯಾಯಸ್ಥಾನದಲ್ಲಿ ಹಳೆಯದು. 1911ರ ಕಾಯಿದೆಯು ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಹಂಚುವುದನ್ನು ವಿಧಿಸಿತು. ಇದೇ ತತ್ತ್ವವು 1945ರಲ್ಲಿ ಎಲ್ಲ ಅನವಧಾನದ ವ್ಯಾಜ್ಯಗಳಿಗೂ ಬಂದಿತು. ಗಾಯಗೊಂಡವನ ದೋಷವು ಅವನ ಹಕ್ಕನ್ನು ಅಳಿಸದು. ಹೊಣೆಯಲ್ಲಿ ಅವನ ಪಾಲೆಷ್ಟೋ ಅಷ್ಟರ ಮಟ್ಟಿಗೆ, ನ್ಯಾಯವೆಂದು ತೋರುವಂತೆ, ಪರಿಹಾರವು ಕುಗ್ಗುವುದು. ಡರ್ಬಿಯ ಸವಾರನು 1945ರ ನಂತರ ಬಿದ್ದಿದ್ದರೆ ಅವನಿಗೂ ಒಂದಿಷ್ಟು ಸಲ್ಲುತ್ತಿತ್ತು. ಸ್ಮೃತಿಗಳಲ್ಲಿಯೂ ಡೈಜೆಸ್ಟಿನಲ್ಲಿಯೂ ಕಾಣದೆ ಹೋದ ನಡುವಿನ ಮೆಟ್ಟಿಲು ಇದೇ. ಇದನ್ನು ಪ್ರಾಚೀನವೆಂದು ಹೇಳಿಕೊಳ್ಳಲು ಆಧಾರವಿಲ್ಲ.

ವರ್ಗಭೇದವೂ ಹೆಚ್ಚು ಕಾಲ ಬಾಳಲಿಲ್ಲ. 1957ರ ಕಾಯಿದೆಯು ವ್ಯವಹಾರಕ್ಕೆ ಬಂದವನು, ಅತಿಥಿ ಎಂಬ ಭೇದವನ್ನು ತೊಡೆದು, ನ್ಯಾಯವಾಗಿ ಬಂದ ಎಲ್ಲರಿಗೂ ಸಾಮಾನ್ಯವಾದ ಒಂದೇ ಎಚ್ಚರದ ಕರ್ತವ್ಯವನ್ನು ಒಡೆಯನ ಮೇಲೆ ಹೊರಿಸಿತು. ಮಕ್ಕಳು ದೊಡ್ಡವರಷ್ಟು ಎಚ್ಚರದಿಂದಿರಲಾರರೆಂದೂ, ಕಸಬುದಾರನು ತನ್ನ ಕಸಬಿಗೆ ಸೇರಿದ ಅಪಾಯವನ್ನು ತಾನೇ ನೋಡಿಕೊಳ್ಳುವನೆಂದೂ ಅದರಲ್ಲಿಯೇ ಹೇಳಿದೆ. ಎಚ್ಚರಿಕೆಯ ವಿಷಯದಲ್ಲಿ ಅದರ ವಿಧಿಯು ಬಹಳ ಬೆಲೆಯುಳ್ಳದ್ದು: ಅಪಾಯವಿದೆಯೆಂದು ಎಚ್ಚರಿಸಿದ ಮಾತ್ರಕ್ಕೆ ಒಡೆಯನು ಹೊಣೆಯಿಂದ ಬಿಡುಗಡೆ ಹೊಂದನು; ಆ ಎಚ್ಚರಿಕೆಯು ಬಂದವನನ್ನು ತಕ್ಕಮಟ್ಟಿಗೆ ಕ್ಷೇಮದಲ್ಲಿರಿಸಲು ಸಾಕಾಗುವಂತಿರಬೇಕು. 1963ರಲ್ಲಿ, ವಿಷದ ಹೊಗೆಯಿದೆಯೆಂದು ಮತ್ತೆ ಮತ್ತೆ ಹೇಳಿದರೂ ಕೇಳದೆ ಹೊಗೆಗೂಡಿನ ಕೆಲಸಕ್ಕೆ ನಿಂತು ಇಬ್ಬರು ಕಸಬುದಾರರು ಸತ್ತ ವ್ಯಾಜ್ಯದಲ್ಲಿ ಲಾರ್ಡ್ ಡೆನಿಂಗ್ ಇದನ್ನು ಬಗೆಗೊಳಿಸಿ ಹೇಳಿದನು. ಮನೆಯ ಮುಂದಿನ ಹೊಳೆಗೆ ಒಂದೇ ಕಾಲುಸೇತುವೆಯಿದ್ದು ಅದು ಶಿಥಿಲವಾಗಿದ್ದರೆ, ‘ಅಪಾಯ’ ಎಂಬ ಫಲಕವು ಯಾರನ್ನು ಉಳಿಸೀತು? ದಾಟದೆ ಮನೆಯನ್ನು ಸೇರುವಂತಿಲ್ಲ. ಹತ್ತಿರದಲ್ಲಿಯೇ ಇನ್ನೊಂದು ಗಟ್ಟಿಯಾದ ಸೇತುವೆಯಿದ್ದರೆ ಫಲಕವು ಸಾಕು. ಆ ಕಸಬುದಾರರಿಗೆ ಕೊಟ್ಟ ಎಚ್ಚರಿಕೆಯು ಸಾಕಾಗಿದ್ದಿತೆಂದೇ ತೀರ್ಪಾಯಿತು. ಸರಿಯೆಂದು ಕೂಗಿದ ಮೇಲೆ ಸರಿಯಲು ಜಾಗವಿರಬೇಕೆಂಬುದು ಈ ದೃಷ್ಟಾಂತದ ಹೃದಯ. ‘ಅಪೇಹಿ’ ಎಂಬ ಕ್ರಿಯಾಪದದಲ್ಲಿಯೂ ಅದು ಅಡಗಿಲ್ಲದಿಲ್ಲ.

ಮಕ್ಕಳ ವಿಷಯದ ಅನ್ಯಾಯವು ಸರಿಯಾಗಲು ಮಾತ್ರ ಮತ್ತೂ ಕಾಲ ಹಿಡಿಯಿತು. ತುಳಿದು ಮಲಗಿಸಿದ ಬೇಲಿಯನ್ನು ದಾಟಿ ವಿದ್ಯುತ್ತಿನ ರೈಲುಹಳಿಯ ಮೇಲೆ ಬಿದ್ದ ಆರು ವರ್ಷದ ಬಾಲಕನ ವ್ಯಾಜ್ಯದಲ್ಲಿ, 1972ರಲ್ಲಿ, ಹೌಸ್ ಆಫ್ ಲಾರ್ಡ್ಸ್ ಸಭೆಯು ತನ್ನ 1929ರ ತೀರ್ಮಾನವನ್ನು ಬಿಟ್ಟು, ಸಾಮಾನ್ಯ ಮಾನವೀಯತೆಯ ದೃಷ್ಟಿಯಿಂದ ಒಡೆಯನು ಹೊಣೆಯೆಂದಿತು. 1984ರ ಕಾಯಿದೆಯು ಇದನ್ನು ವಿಧಿರೂಪಕ್ಕೆ ತಂದಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1968ರಲ್ಲಿಯೇ ಅಲ್ಲಿಯ ಉಚ್ಚತಮ ನ್ಯಾಯಸ್ಥಾನವು ಮೂರು ವರ್ಗಗಳನ್ನೂ ಕೈಬಿಟ್ಟಿದ್ದಿತು. ಅಲ್ಲಿ ವಾದಿಯು ಒಬ್ಬ ಅತಿಥಿ. ಒಡತಿಗೆ ಬಿರುಕೆಂದು ತಿಳಿದಿದ್ದ ನಲ್ಲಿಯ ಹಿಡಿಯು ಒಡೆದು ಅವನ ಕೈ ಕೊಯ್ದಿತು. ತಿಳಿದೂ ಅವಳು ಒಂದು ಮಾತು ಹೇಳಲಿಲ್ಲವೆಂಬುದೇ ದೂರು.

ಭಾರತದಲ್ಲಿ ಭೂಸ್ವಾಮಿಯ ಹೊಣೆಯ ಬಗ್ಗೆ ಹೆಸರುವಾಸಿಯಾದ ನಿರ್ಣಯವು 1966ರದು. ದೆಹಲಿಯ ಚಾಂದನಿ ಚೌಕದಲ್ಲಿ ನಗರಸಭೆಗೆ ಸೇರಿದ ಗಡಿಯಾರದ ಗೋಪುರವು ಕುಸಿದು ಕೆಲವರು ಮಡಿದಿದ್ದರು. ಗೋಪುರಕ್ಕೆ ಸುಮಾರು 80 ವರ್ಷ ವಯಸ್ಸಾಗಿದ್ದಿತು. ಅದಕ್ಕೆ ಬಳಸಿದ್ದ ಗಾರೆಯ ದೃಷ್ಟಿಯಿಂದ ಅದರ ಆಯುಸ್ಸು 40ರಿಂದ 45 ವರ್ಷ ಮಾತ್ರ. ಹೆದ್ದಾರಿಯ ಬದಿಯ ಕಟ್ಟಡದೊಡೆಯನು ಅದರ ಒಳಗಿನ ಕುಂದನ್ನೂ ಆಗಾಗ್ಗೆ ಪರೀಕ್ಷಿಸಿ ತಿಳಿಯತಕ್ಕವನೆಂದು ಸುಪ್ರೀಂ ಕೋರ್ಟು ನಗರಸಭೆಯನ್ನು ಹೊಣೆಮಾಡಿತು. ಮೂಗುದಾರವು ಹರಿದುದೇಕೆಂದು ಮನುವು ಕೇಳದೆ ಬಿಟ್ಟ ಪ್ರಶ್ನೆಯನ್ನು ಇಲ್ಲಿ ಗಾರೆಯ ವಿಷಯದಲ್ಲಿ ಕೇಳಿದರು. ದೋಷವನ್ನು ಪಾಲುಮಾಡುವ ಇಂಗ್ಲೆಂಡಿನ 1945ರ ಕಾಯಿದೆಗೆ ಸಮನಾದ ಅಖಿಲ ಭಾರತದ ಕಾಯಿದೆಯಿಲ್ಲ. ಅದರ ತತ್ತ್ವವು ನ್ಯಾಯವೂ ಸಮತೆಯೂ ಆದುದರಿಂದ ಅನುಸರಿಸತಕ್ಕದ್ದೆಂದು 1974ರಲ್ಲಿ ಮಧ್ಯಪ್ರದೇಶದ ಹೈಕೋರ್ಟು ಹೇಳಿತು. ಕೇರಳವು 1976ರ ತನ್ನ ಕಾಯಿದೆಯೊಂದರಲ್ಲಿ ಅದನ್ನು ವಿಧಿಯಾಗಿಯೇ ಬರೆದುಕೊಂಡಿತು.